ಕಾಕಾ ತಾವೇ ರಿಪೇರಿ ಮಾಡಿದ ಕಾರಿನಲ್ಲಿ ಮದುವೆಗೆ

ಮೊನ್ನೆ ಅಥಣಿಯ ಪೆಟ್ರೋಲ್ ಪಂಪಿನಲ್ಲಿ ನಮ್ಮ ಮುಂದೆ ನಿಂತಿದ್ದ ಗಾಡಿಯ ಟಾಕಿ ತುಂಬಿ, ಪೆಟ್ರೋಲ್ ಉಕ್ಕಿ ನೆಲಕ್ಕೆ ಚೆಲ್ಲಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಾಜು ಏರಿಸಿ ಎಂದಳು. ಬೇಡ, ಸ್ವಲ್ಪ ಹೊತ್ತು ಇರಲಿ ಎಂದೆ ನಾನು. ಮಗ ತಿರುಗಿ ನನ್ನ ಮುಖ ನೋಡಿದ. ಮದುವೆಯ ದಿನ ನನ್ನ ಮೈಗೆಲ್ಲ ಇದೇ ವಾಸನೆ ಇತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು...

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಿಗ್ಗೇವಾಡಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಯೇ ಕಾಕಾನ ಮನೆ. ರಕ್ತಸಂಬಂಧದ ಕಾಕಾ ಅಲ್ಲ, ಅಪ್ಪನ ಓರಗೆಯ ನೆರೆಯವರು. ಕಬ್ಬು, ದ್ರಾಕ್ಷಿ ಎರಡೂ ಇದ್ದವು. ಅದಕ್ಕಿಂತ ಹೆಚ್ಚಾಗಿ ಅವರ ಹತ್ತಿರ ಒಂದು ಹಳೆಯ ಅಂಬಾಸಿಡರ್ ಇತ್ತು, ನಿಪ್ಪಾಣಿಯ ಯಾರೋ ತಂಬಾಕು ವ್ಯಾಪಾರಿ ಓಡಿಸಿ ಸಾಕಾಗಿ ಬಿಟ್ಟದ್ದು. ಅದರ ಬಾನೆಟ್ಟಿಗೆ ಬೇರೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ. ಆಯಿಲ್ ಬದಲಿಸುವುದು, ಪ್ಲಗ್ ತಿಕ್ಕುವುದು, ಗ್ರೀಸ್ ತುಂಬುವುದು ಎಲ್ಲ ಅವರದೇ. ತಪ್ಪು ಒಪ್ಪಿಕೊಳ್ಳುವುದು ಮಾತ್ರ ಅವರ ಜಾತಕದಲ್ಲೇ ಇರಲಿಲ್ಲ. ಪಂಪ್‌ಸೆಟ್ಟು ಸುಟ್ಟರೆ ಕರೆಂಟಿನ ತಪ್ಪು, ಗಾಡಿ ನಿಂತರೆ ರಸ್ತೆಯ ತಪ್ಪು, ಚಹಾ ಚೆಲ್ಲಿದರೆ ಬಸಿಯ ತಪ್ಪು!

ನನ್ನ ಮದುವೆ ಅಥಣಿಯಲ್ಲಿ, ಗಂಡಿನ ಮನೆಯ ಮುಂದೆ. ಹೆಣ್ಣನ್ನು ಕರೆತರಲು ತಮ್ಮ ಗಾಡಿ ಕಳಿಸುತ್ತೇವೆ ಎಂದು ಬೀಗರು ಹೇಳಿ ಕಳಿಸಿದ್ದರು. ಕಾಕಾ ಅಪ್ಪನ ಎದುರಿಗೇ ಉತ್ತರ ಕೊಟ್ಟು ಕಳಿಸಿದರು.

"ನಮ್ಮ ಹುಡಿಗಿ ನಮ್ಮ ಗಾಡ್ಯಾಗ ಬರ್ತಾಳ ಅಂತ ಹೇಳ್ರಿ. ಹನ್ನೆರಡೂವರಿಗೆ ಅಕ್ಕಿಕಾಳ ಬೀಳೂ ಮುಹೂರ್ತ ಅಂದ್ರ ಹನ್ನೊಂದಕ್ಕ ಬಾಗಲದಾಗ ಇರ್ತೀವಿ."

ಮದುವೆಯ ಹಿಂದಿನ ದಿನ ಗಾಡಿಗೆ ಅವರು ಮಾಡಿದ ಸೇವೆ ನನಗೆ ಹಚ್ಚಿದ ಅರಿಷಿಣಕ್ಕಿಂತ ದೊಡ್ಡದು. ಪ್ಲಗ್ ಹೊಸದು, ಆಯಿಲ್ ಹೊಸದು, ಬಂಪರಿಗೆ ಬೆಳ್ಳಿಬಣ್ಣ. ನನಗೆ ಪೆಟ್ರೋಲ್ ವಾಸನೆ ಬಡಿದರೆ ವಾಂತಿ ಬರುತ್ತಿತ್ತು, ಅದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಕಾಕಾನ ಗಾಡಿಯ ಟಾಕಿಯ ಮುಚ್ಚಳ ಸಡಿಲಾಗಿ, ತಿರುವಿನಲ್ಲಿ ಪೆಟ್ರೋಲ್ ತುಳುಕಿ ಒಳಗೆಲ್ಲ ಘಾಟು ಹಬ್ಬುತ್ತಿತ್ತು. ಅದಕ್ಕೆ ಅವರು ದ್ರಾಕ್ಷಿಗೆ ಔಷಧ ಹೊಡೆಯುವ ಡ್ರಮ್ಮಿನ ಮುಚ್ಚಳ ತಂದು, ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಒಳಗೆ ರಬ್ಬರಿನ ಬಳೆ ಕೂಡಿಸಿ, ಬಿಗಿಯಾಗಿ ತಿರುವಿಬಿಟ್ಟರು. ಮುಚ್ಚಳಕ್ಕೆ ಇನ್ನೂ ಮೈಲುತುತ್ತದ ನೀಲಿ ಕಲೆ ಇತ್ತು.

"ಈಗ ಮೂಸಿ ನೋಡ ಮಗಳ," ಎಂದರು. ಮೂಸಿದೆ. ಒಂದಿಷ್ಟೂ ವಾಸನೆ ಇರಲಿಲ್ಲ. ಊರೊಳಗೆ ಒಂದು ಸುತ್ತು ಓಡಿಸಿ ತೋರಿಸಿದರು, ಗಾಡಿ ಬೆಣ್ಣೆಯಂತೆ ಓಡಿತು.

ಬೆಳಿಗ್ಗೆ ಅಪ್ಪ, ಅವ್ವ, ಬಂಧುಬಳಗವೆಲ್ಲ ಟ್ರಕ್ಕಿನಲ್ಲಿ ಮುಂದೆ ಹೋದರು. ಕಾರಿನಲ್ಲಿ ಹಳದಿ ಸೀರೆಯ ನಾನು, ಪಕ್ಕಕ್ಕೆ ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಮುಂದೆ ತಲೆಗೆ ಹೊಸ ಪಟಕಾ ಸುತ್ತಿಕೊಂಡ ಕಾಕಾ. ಟಾಕಿ ಎಂದೂ ಪೂರ್ತಿ ತುಂಬಿಸದ ಮನುಷ್ಯ ಅವತ್ತು ಕಂಠಮಟ ತುಂಬಿಸಿದ್ದರು. ರಸ್ತೆಯ ಎರಡೂ ಕಡೆ ಕಬ್ಬು, ಗಾಜಿನಿಂದ ಗಾಳಿ, ಕೈತುಂಬ ಹಸಿರು ಬಳೆ. ಇಂಥ ಮೆರವಣಿಗೆ ಯಾರಿಗೆ ಸಿಗುತ್ತದೆ ಎಂದು ಹಿಗ್ಗಿ ಕೂತಿದ್ದೆ.

ಹಾರೂಗೇರಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಗಾಡಿ ಮುಗ್ಗರಿಸಿತು. ಕೆಮ್ಮಿ, ನಿಂತೇಬಿಟ್ಟಿತು.

ಕಾಕಾ ಹಾರಿ ಇಳಿದರು. ಬಾನೆಟ್ ಎತ್ತಿ, ಪಾನಾ ಹಿಡಿದು ಪ್ಲಗ್ ಒಂದೊಂದೇ ಬಿಚ್ಚಿ ತಿಕ್ಕಿ ಹಾಕಿದರು. ಸೆಲ್ಫ್ ಹೊಡೆದರೆ ಗಾಡಿ ಗುರ್ರ್ ಎಂದು ಎದ್ದಿತು. "ಸಿಕ್ತು! ಪ್ಲಗ್ಗಿಂದ ತಪ್ಪ. ಹೊಸಾವು ನೋಡ್, ಕಂಪನಿಯವ್ರಿಗೆ ಅಕ್ಕಲಿಲ್ಲ!"

ಹಾರೂಗೇರಿ ದಾಟಿದೆವು, ಸ್ವಲ್ಪ ದೂರಕ್ಕೆ ಮತ್ತೆ ಅದೇ ಕೆಮ್ಮು. ಈ ಸಲ ಪೆಟ್ರೋಲ್ ಪೈಪು ಬಿಚ್ಚಿ, ಬಾಯಿಟ್ಟು ಊದಿ, ಥೂ ಎಂದು ಉಗಿದು ಜೋಡಿಸಿದರು. ಗಾಡಿ ಮತ್ತೆ ಎದ್ದಿತು. "ಸಿಕ್ತು! ಕಸಾ ಕುಂತಿತ್ತು!" ಅವರ ಹುರುಪು ನೋಡಿ ನನಗೂ ಚಪ್ಪಾಳೆ ತಟ್ಟುವ ಹಾಗಾಯಿತು. ಅತ್ತೆ ಮಾತ್ರ ನಗಲಿಲ್ಲ.

ಹೊಳೆಯ ಸೇತುವೆ ದಾಟಿದ ಮೇಲೆ ಮೂರನೆಯ ಸಲ ನಿಂತಿತು. ತಳ್ಳಿ ನೋಡೋಣ ಎಂದರು ಕಾಕಾ. ನಾನೂ ಸೆರಗು ಸಿಕ್ಕಿಸಿ ಇಳಿದೆ. ಕಬ್ಬಿನ ಚಕ್ಕಡಿಯವರು ಎತ್ತು ನಿಲ್ಲಿಸಿ, ಬಾಸಿಂಗ ಕಟ್ಟುವ ಹೆಣ್ಣು ಕಾರು ತಳ್ಳುವ ತಮಾಷೆ ನೋಡಿದರು. ನಾನು ನಗುತ್ತ ನಗುತ್ತ ತಳ್ಳಿದೆ. ಗಾಡಿ ಉರುಳಿತೇ ಹೊರತು ಎದ್ದೇಳಲಿಲ್ಲ.

ಆಗ ಅತ್ತೆ ತಡೆಯಲಾರದೆ ಅಂದಳು: "ನಗ್ತೀಯಲ್ಲ ಹುಚ್ಚಿ! ವ್ಯಾಳ್ಯಾ ತಪ್ಪಿದ್ರ ಗಾಡಿಗೆ ಯಾರೂ ಅನ್ನೂದಿಲ್ಲ. ಹುಡಿಗಿ ಕಾಲ್ಗುಣ ಅಂತಾರ. ಸಾಯೂತನಾ ಅಂತಾರ."

ನನ್ನ ನಗು ನಿಂತಿತು. ಅತ್ತೆಯ ಬದುಕಿನಲ್ಲಿ ಅಂಥ ಮಾತು ಬಂದುಹೋಗಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಕಾ ಕೂಡ ಅವಳ ಮುಖ ನೋಡಿದರು. ಪಾನಾ ಕೆಳಗಿಟ್ಟು ಮೈಲುಗಲ್ಲಿನ ಮೇಲೆ ಕೂತುಬಿಟ್ಟರು. ಬಿಸಿಲು ನೆತ್ತಿಗೆ ಬರುತ್ತಿತ್ತು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು...

ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಏನೂ ಮುಟ್ಟದೆ, ಸುಮ್ಮನೆ ಸೆಲ್ಫ್ ಹೊಡೆದರು. ಗಾಡಿ ಎದ್ದಿತು! ಅತ್ತೆ ಓಡಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಅವರು ಗಾಡಿ ಬಂದ್ ಮಾಡಿದರು.

"ಹುಚ್ಚ ಹಿಡದತೇನೋ ಅಣ್ಣಾ ನಿನಗ?"

"ತಡಿ ತಂಗಿ, ತಡಿ! ನಾ ಏನೂ ಮಾಡಿಲ್ಲ, ಆದ್ರೂ ಚಾಲೂ ಆತು. ಅಂದ್ರ ಮೊದಲಿಂದೂ ನಾ ಮಾಡಿದ್ದಕ್ಕ ಚಾಲೂ ಆಗಿಲ್ಲ. ತಾನ ನಿಲ್ತೈತಿ, ತಾನ ಏಳ್ತೈತಿ... ಮೊನ್ನಿ ತನಕಾ ಛಲೋ ಇತ್ತು. ನಿನ್ನಿ ನಾ ಏನೇನ ಹೊಸಾದ ಹಚ್ಚೀನಿ?"

ಬೆರಳು ಮಡಚಿ ಎಣಿಸತೊಡಗಿದರು. ಪ್ಲಗ್, ಆಯಿಲ್, ಬಣ್ಣ... ಬೆರಳು ಅಲ್ಲೇ ನಿಂತಿತು. ಕಣ್ಣು ದೊಡ್ಡದಾಯಿತು. ಗಾಡಿಯ ಹಿಂದಕ್ಕೆ ಓಡಿಹೋಗಿ ನೀಲಿ ಕಲೆಯ ಮುಚ್ಚಳ ತಿರುವಿದರು. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು.

"ಉಸರ ಕಟ್ಟಿತ್ತು! ಇದಕ್ಕ ಉಸರ ಕಟ್ಟಿತ್ತವ್ವಾ!" ಕಾಕಾ ನಡುರಸ್ತೆಯಲ್ಲಿ ಕುಣಿದೇಬಿಟ್ಟರು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಟಾಕಿಯೊಳಗೆ ಹೋಗಬೇಕು, ಹಳೆಯ ಮುಚ್ಚಳಕ್ಕೆ ಅದಕ್ಕೆಂದೇ ಸಣ್ಣ ತೂತು ಇತ್ತು, ಇವರು ತೂತಿಲ್ಲದ ಮುಚ್ಚಳಕ್ಕೆ ರಬ್ಬರ್ ಕೂಡಿಸಿ ಟಾಕಿಯ ಬಾಯಿಯನ್ನೇ ಕಟ್ಟಿದ್ದರು. ಒಳಗೆ ಗಾಳಿ ಇಲ್ಲದೆ ಪೆಟ್ರೋಲ್ ಮುಂದಕ್ಕೆ ಬರುತ್ತಿರಲಿಲ್ಲ. ನಿಂತಾಗ ಎಲ್ಲಿಂದಲೋ ಗಾಳಿ ನುಸುಳಿ ಸರಿಯಾಗುತ್ತಿತ್ತು, ಸ್ವಲ್ಪ ದೂರಕ್ಕೆ ಮತ್ತೆ ಅದೇ ಪಾಡು.

ಹಳೆಯ ಮುಚ್ಚಳ ದಿಗ್ಗೇವಾಡಿಯಲ್ಲಿತ್ತು. ಕಾಕಾ ಹಿಂದೆ ಮುಂದೆ ನೋಡದೆ ತಲೆಯ ಪಟಕಾ ಬಿಚ್ಚಿ, ಅದರ ತುದಿ ಟಾಕಿಯ ಬಾಯಿಗೆ ಸಡಿಲಾಗಿ ತುರುಕಿದರು. ಆಮೇಲೆ ಆ ಗಾಡಿ ಓಡಿದ ಓಟ! ಪ್ರತಿ ತಿರುವಿಗೂ ಪೆಟ್ರೋಲ್ ತುಳುಕಿ ಘಾಟು ಒಳಗೆ ನುಗ್ಗುತ್ತಿತ್ತು. ಅತ್ತೆ ಕೊಟ್ಟ ನಿಂಬೆಹಣ್ಣು ಮೂಗಿಗೆ ಹಿಡಿದು, ತಲೆ ಹೊರಗೆ ಹಾಕಿ, ಓಡಸ್ರಿ ಕಾಕಾ, ಓಡಸ್ರಿ ಎಂದು ಕೂಗುತ್ತಿದ್ದೆ. ವಾಂತಿ ಹತ್ತಿರವೂ ಸುಳಿಯಲಿಲ್ಲ. ನಮ್ಮ ಹಿಂದೆ ಪಟಕಾದ ಇನ್ನೊಂದು ತುದಿ ಹಾರಾಡುತ್ತಿತ್ತು.

ಅಥಣಿ ಮುಟ್ಟಿದಾಗ ವೇಳೆ ಮೀರಿತ್ತು. ಬಾಜಾ ನಿಂತಿತ್ತು. ಅಪ್ಪ ಹಂದರದ ಕಂಬಕ್ಕೆ ಆತು ತಲೆ ತಗ್ಗಿಸಿ ನಿಂತಿದ್ದ. ನಾನು ಇಳಿಯುತ್ತಿದ್ದಂತೆ ಬೀಗರ ಕಡೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು: "ಹೆಣ್ಣ ಹೊಸ್ತಿಲಾ ತುಳಿಯೂ ಮೊದಲ ವ್ಯಾಳ್ಯಾ ತಪ್ಪಿತು. ಮುಂದ ಹೆಂಗೋ ಏನೋ..."

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಕಾಕಾ ಮುಂದೆ ಬಂದರು. ಹಿರಿಯರ ಸಭೆಯಲ್ಲಿ ಬರಿದಲೆ, ಅಂಗಿಗೆಲ್ಲ ಗ್ರೀಸ್, ಕೈಯಲ್ಲಿ ಆ ಮುಚ್ಚಳ. ಅದನ್ನು ಎತ್ತಿ ಹಿಡಿದರು.

"ಹುಡಿಗಿಗೆ ಏನೂ ಅನಬ್ಯಾಡ್ರಿ. ಅಕಿ ಮುಂಜಾನೆ ತಯಾರಾಗಿ ಕುಂತಿದ್ಳು. ಇದ ನೋಡ್ರಿ, ಔಷಧ ಡ್ರಮ್ಮಿನ ಮುಚ್ಚಳ. ಇದನ್ನ ಗಾಡಿಗೆ ಹಚ್ಚಿದ ಶಾಣ್ಯಾ ನಾನ. ತಪ್ಪ ನಂದೈತ್ರಿ. ಪೂರಾ ನಂದ."

ಹಂದರದ ಮೂಲೆಯಿಂದ ಯಾರೋ ನಕ್ಕರು, ಇನ್ನೊಬ್ಬರು, ಕೊನೆಗೆ ಆ ಹಿರಿಯರೂ ನಕ್ಕರು. "ಅಕ್ಕಿಕಾಳ ಹಂಚ್ರಿ," ಎಂದರು. ಬಾಜಾ ಶುರುವಾಯಿತು. ಡ್ರಮ್ಮಿನ ಮುಚ್ಚಳದ ಕಾಕಾ ಎಂದು ಅಥಣಿಯ ಆ ಓಣಿ ಅವರನ್ನು ಬಹಳ ವರ್ಷ ಆಡಿಕೊಂಡಿತು. ಆ ಮುಚ್ಚಳ ಯಾರ ಸಲುವಾಗಿ ಹಚ್ಚಿದ್ದು ಎಂದು ಅವರು ಸಭೆಯಲ್ಲಿ ಹೇಳಲಿಲ್ಲ. ಅತ್ತೆ ಹೇಳಲು ಬಾಯಿ ತೆಗೆದಾಗ ಕಣ್ಣಿನಲ್ಲೇ ಗದರಿಸಿ ಸುಮ್ಮನಾಗಿಸಿದ್ದನ್ನು ನಾನು ನೋಡಿದೆ. ಹೇಳಿದ್ದರೆ ಮಾತು ತಿರುಗಿ ನನ್ನ ಮೇಲೇ ಬರುತ್ತಿತ್ತು.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಣ್ಣಿಗೆ ಹೋಗಿ ಬಂದೆ, ಕಣ್ಣೀರು ಹಾಕಿದೆ, ಸ್ನಾನ ಮಾಡಿದೆ, ಅಡಿಗೆಗೆ ನಿಂತೆ. ಈ ಮನೆಯಲ್ಲಿ ನನಗೆ ಒಳ್ಳೆಯದೇ ಆಗಿದೆ, ದೂರು ಹೇಳುವುದಿಲ್ಲ. ಆದರೂ ಇಷ್ಟು ವರ್ಷದಲ್ಲಿ ಎಮ್ಮೆ ಕರು ಹಾಕದಿದ್ದರೆ, ಬೆಳೆ ಕೆಟ್ಟರೆ, ಯಾರಿಗೋ ಜ್ವರ ಬಂದರೆ, ಮಾತು ಸುತ್ತಿ ಬಳಸಿ ನನ್ನ ಹತ್ತಿರ ಬಂದು ನಿಂತದ್ದುಂಟು. ಅಂಥ ಪ್ರತಿ ಸಲವೂ ನಾನು ಬಾಗಿಲ ಕಡೆ ನೋಡಿದ್ದೇನೆ, ಬರಿದಲೆಯ ಒಬ್ಬ ಮನುಷ್ಯ ಒಳಗೆ ಬಂದು ತಪ್ಪು ನಂದೈತ್ರಿ ಅನ್ನಲಿ ಎಂದು... ಯಾರೂ ಬರಲಿಲ್ಲ.