ಮೂಗು ಹಿಡಿದು ಹೊಡೆದ ಏಟು

ನಾನು ಚಿಕ್ಕವನಿದ್ದಾಗ, ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ನಮ್ಮೂರ ಅಪ್ಪಂದಿರೆಲ್ಲ ಮೇಷ್ಟ್ರ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದರು. ನನ್ನ ಅಪ್ಪನೂ ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದ: "ಕಣ್ಣೆರಡು ಬುಟ್ಟು ಮಿಕ್ಕಿದ್ದೆಲ್ಲಾ ನಿಮ್ದೇ ಸಾ. ಚರ್ಮ ಸುಲೀರಿ, ಇದ್ಯೆ ಬಂದ್ರೆ ಸಾಕು." ಮೇಷ್ಟ್ರು ತಲೆಯಾಡಿಸಿ ಹೆಸರು ಬರೆದುಕೊಂಡರು. ಹೊಳೆನರಸೀಪುರಕ್ಕೆ ನಾಲ್ಕು ಮೈಲಿ ದೂರದ ನಮ್ಮೂರಿನಲ್ಲಿ ಹಾಗೆ ಹೇಳದ ಅಪ್ಪನಿಗೆ ಮಕ್ಕಳ ಮೇಲೆ ಅಕ್ಕರೆಯೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಆದರೂ ಇಬ್ಬರದೂ ಒಂದೇ ತರಗತಿ, ನಾಲ್ಕನೆಯದು. ಅವ್ವ ಕಾಯಿಲೆ ಬಿದ್ದಾಗ ಮನೆ ನೋಡಿಕೊಳ್ಳಲೆಂದು ಅವಳನ್ನು ಶಾಲೆ ಬಿಡಿಸಿ, ಅವ್ವ ಹುಷಾರಾದ ಮೇಲೆ ಮತ್ತೆ ಸೇರಿಸಿದ್ದರು. ನಾಲ್ಕನೇ ತರಗತಿ ಪಾಸಾದರೆ ಹೊಳೆನರಸೀಪುರದ ಮಿಡ್ಲಿಸ್ಕೂಲಿಗೆ ಕಳಿಸುತ್ತೇನೆಂದು ಅಪ್ಪ ಅವಳಿಗೆ ಮಾತು ಕೊಟ್ಟಿದ್ದ. ನಮ್ಮೂರಿನಿಂದ ಅಲ್ಲಿಗೆ ಹೋದ ಹೆಣ್ಣುಮಗು ಅದುವರೆಗೆ ಒಬ್ಬಳೂ ಇರಲಿಲ್ಲ. ಅಕ್ಕ ಮುಸುರೆ ತಿಕ್ಕುವಾಗಲೂ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಮಗ್ಗಿ ಮಾತ್ರ ಅವಳಿಗೆ ಕೈಕೊಡುತ್ತಿತ್ತು.

ನನಗೋ ಮಗ್ಗಿ ನೀರು ಕುಡಿದಷ್ಟು ಸಲೀಸು. ಆ ಕಾಲದ ಶಾಲೆಯಲ್ಲಿ ಅದರಿಂದ ಸಿಗುತ್ತಿದ್ದ ಬಹುಮಾನ ಏನು ಗೊತ್ತೇ ಮಕ್ಕಳೇ? ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಲೆಕ್ಕ ಕೇಳುವರು. ಬಾರದವರು ನಿಂತೇ ಇರಬೇಕು. ಉತ್ತರ ಹೇಳಿದವನು ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಮೂಗನ್ನು ಎಡಗೈಲಿ ಹಿಡಿದು ಬಲಗೈಲಿ ಕೆನ್ನೆಗೆ ಬಾರಿಸಬೇಕು. ಸುಳ್ಳೇಕೆ ಹೇಳಲಿ, ಅದು ನನಗೆ ಇಷ್ಟವಾಗುತ್ತಿತ್ತು. ಹೊಲದಲ್ಲಿ ನನ್ನನ್ನು ಕೆಡವಿ ಗುದ್ದುತ್ತಿದ್ದ ದಾಂಡಿಗರೆಲ್ಲ ಅಲ್ಲಿ ಕಣ್ಣು ಮುಚ್ಚಿಕೊಂಡು ನನ್ನ ಕೈಗಾಗಿ ಕಾಯುತ್ತಿದ್ದರು. ಅಂಗೈ ಚುರುಗುಟ್ಟುವ ತನಕ ಹೊಡೆಯುತ್ತಿದ್ದೆ.

ಅದೊಂದು ಶನಿವಾರ, ಬೆಳಗಿನ ಶಾಲೆ. ಸಗಣಿ ಸಾರಿಸಿದ ನೆಲದ ಹಸಿ ವಾಸನೆ ಇನ್ನೂ ಆರಿರಲಿಲ್ಲ. ಮೇಷ್ಟ್ರು ಬಂದವರೇ ಹದಿನಾರರ ಮಗ್ಗಿ ಎತ್ತಿದರು. "ಹದಿನಾರೆಂಟ್ಲ?" ಒಬ್ಬೊಬ್ಬರಾಗಿ ಒಂಬತ್ತು ಜನ ತಡವರಿಸಿದರು. ಒಂಬತ್ತನೆಯವಳು ಅಕ್ಕ. ಪಕ್ಕದಲ್ಲಿದ್ದ ನಾನು, "ನೂರಿಪ್ಪತ್ತೆಂಟು ಸಾ!" ಎಂದು ಕೂಗಿದೆ. ಎಂಟು ಮೂಗು, ಎಂಟು ಕೆನ್ನೆ ಮುಗಿಸಿದೆ. ಕೊನೆಗೆ ಅಕ್ಕನ ಮುಂದೆ ಬಂದು ನಿಂತೆ. ಅವಳ ಮೂಗು ಬೆವರಿನಿಂದ ಜಾರುತ್ತಿತ್ತು. ಕೆನ್ನೆಯನ್ನು ಮೆತ್ತಗೆ ತಟ್ಟಿ ಬಿಟ್ಟೆ.

"ಲೇ, ನೊಣ ಓಡುಸ್ತಿದ್ದೀಯೇನ್ಲಾ? ಇಂಗೆ ಒಡೀಬೇಕು ಕಣ್ಲಾ!" ಎಂದು ಮೇಷ್ಟ್ರು ನನ್ನ ಕೆನ್ನೆಗೆ ಬಿಟ್ಟ ಏಟಿಗೆ ಗೋಡೆಗೆ ಹೋಗಿ ಬಡಿದೆ. ತುಟಿ ಒಡೆದು ಬಾಯಿತುಂಬ ರಕ್ತದ ಉಪ್ಪು. ಎದ್ದು ಬಂದೆ. ಹೆದರಿಕೆಗಷ್ಟೇ ಹೊಡೆದೆ ಎಂದರೆ ತಪ್ಪಾದೀತು. ನನಗೆ ಅಕ್ಕನ ಮೇಲೇ ಸಿಟ್ಟು ಬಂದಿತ್ತು. ಇವಳಿಗೆ ಒಂದು ಲೆಕ್ಕ ಬರದೆ ನಾನು ಏಟು ತಿನ್ನಬೇಕಾಯಿತಲ್ಲ ಎಂದು ಕುದಿಯುತ್ತಿದ್ದೆ. ಮೂಗನ್ನು ಭದ್ರವಾಗಿ ಹಿಡಿದು ಇದ್ದ ಬಲವನ್ನೆಲ್ಲ ಬಿಟ್ಟು ಬೀಸಿದೆ. ಅವಳು ಹೆದರಿ ಮುಖ ತಿರುಗಿಸಿದಳು. ಕೈ ಕೆನ್ನೆ ತಪ್ಪಿ ಕಿವಿಯ ಮೇಲೆ ಬಿತ್ತು.

ಅಕ್ಕ ಅಳಲಿಲ್ಲ. ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು. "ಈಗ ಸರ್ಯಾಯ್ತು," ಎಂದರು ಮೇಷ್ಟ್ರು.

ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ಮಾತಾಡಿಸಿದೆ. ಉತ್ತರವಿಲ್ಲ. ಮುನಿಸಿಕೊಂಡಿದ್ದಾಳೆ, ಹಾಳಾಗಿ ಹೋಗಲಿ ಎಂದುಕೊಂಡೆ. ಅಪ್ಪ ಅಂಗಳದಲ್ಲಿ ಬೆವರು ಸುರಿಸುತ್ತಾ ತೆಂಗಿನಕಾಯಿ ಸುಲಿಯುತ್ತಿದ್ದ. ನೀರು ತಾ ಎಂದು ಅಕ್ಕನನ್ನು ಕೂಗಿದ. ಅವಳು ಎಡಮಗ್ಗುಲು ಅವನ ಕಡೆಗಾಗಿ ನಡೆದು ಒಳಗೆ ಹೋಗುತ್ತಲೇ ಇದ್ದಳು. ಮತ್ತೆ ಕೂಗಿದ. ಮೂರನೆಯ ಸಲಕ್ಕೆ ಎದ್ದು ಬಂದು ಬೆನ್ನಿಗೆ ಗುದ್ದಿ, ಜಡೆ ಹಿಡಿದು ತಿರುಗಿಸಿದ. "ಕರುದ್ರೆ ಕಿವಿ ಕೇಳಾಕಿಲ್ವಾ?"

"ಈ ಕಡೆ ಕೇಳಾಕಿಲ್ಲ ಕಣಪ್ಪ, ತಲೆಯೆಲ್ಲಾ ಗುಂಯ್ ಅಂತದೆ," ಎಂದಳು ಅಕ್ಕ. ಕಿವಿಯಿಂದ ತೆಳ್ಳಗೆ ರಕ್ತ ಇಳಿದು ಕತ್ತಿನ ಮೇಲೆ ಒಣಗಿತ್ತು.

ಯಾರು ಹೊಡೆದದ್ದೆಂದು ಅಪ್ಪ ಕೇಳಿದ. "ನಾನೇ ಕಣಪ್ಪ," ಎಂದೆ. ಅಪ್ಪ ಗೂಟದಿಂದ ಬಾರುಕೋಲು ಎಳೆದುಕೊಂಡ. ಎತ್ತಿಗೆ ಬೀಸುವ ಆ ಚರ್ಮದ ಬಾರು ಬೆನ್ನ ಮೇಲೆ ಬಿದ್ದಾಗ ಮೊದಲು ಉರಿಯುವುದಿಲ್ಲ, ಉಸಿರು ನಿಲ್ಲುತ್ತದೆ. ಎಷ್ಟು ಬಿದ್ದವೋ ಕಾಣೆ. ಅಕ್ಕ ಓಡಿಬಂದು ನನ್ನ ಮೇಲೆ ಕವುಚಿಕೊಂಡಳು. ಕೊನೆಯ ಎರಡು ಏಟು ಅವಳ ಬೆನ್ನಿಗೇ ಬಿದ್ದವು. ಆಗ ಅಪ್ಪನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಿತು. ಬಾರುಕೋಲು ಬಿಸಾಕಿ ತೆಂಗಿನಸಿಪ್ಪೆಯ ರಾಶಿಯ ಮೇಲೆ ಕುಸಿದು ಕುಳಿತ.

ಮಾರನೆಯ ದಿನ ಅಪ್ಪ ಅವಳನ್ನು ಬಸ್ಸಿನಲ್ಲಿ ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಕಿವಿಯ ತಮಟೆ ಹರಿದಿದೆ, ಎಡಗಿವಿ ಇನ್ನು ಸರಿಯಾಗುವ ನಂಬಿಕೆಯಿಲ್ಲ ಎಂದರು ಡಾಕ್ಟರು. ಹೊಡೆಸಿದ್ದು ಮೇಷ್ಟ್ರೆಂದು ಅಕ್ಕನಿಂದ ತಿಳಿದು, ಸೋಮವಾರ ಅಪ್ಪ ಬಾರುಕೋಲು ಹಿಡಿದೇ ಶಾಲೆಗೆ ಬಂದ. ಮೇಷ್ಟ್ರನ್ನು ಹೊಡೆದೇ ಹೊಡೆಯುತ್ತಾನೆ ಎಂದು ನಾವೆಲ್ಲ ಗೋಡೆಗೆ ಒತ್ತಿಕೊಂಡು ನಿಂತೆವು. ಮೇಷ್ಟ್ರು ಕುರ್ಚಿಯಿಂದ ಏಳಲೂ ಇಲ್ಲ. "ಸೇರುಸ್ವಾಗ ನೀವೇ ಏನಂದಿದ್ರಿ ಯಜಮಾನ್ರೇ?" ಎಂದರು.

ಅಪ್ಪನ ಕೈ ಇಳಿಯಿತು. "ಕಣ್ಣು ಬುಟ್ಟು ಅಂದಿದ್ದೆ ಸಾ. ಕಿವಿ ಅನ್ನಾದು ಮರ್ತಿದ್ದೆ," ಎಂದು ಹೇಳಿ ಹೊರಟುಹೋದ. ಅಂದಿನಿಂದ ಅಕ್ಕ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಕಳಿಸಲಿಲ್ಲ. ಅವಳ ಸ್ಲೇಟು, ಪುಸ್ತಕ ನನ್ನ ಪಾಲಿಗೆ ಬಂದವು.

ನಾಚಿಕೆಯ ಸಂಗತಿ ಇನ್ನೊಂದಿದೆ. ನಾನು ಓದಿ ಅರಕಲಗೂಡಿನ ಕಡೆ ಮೇಷ್ಟ್ರೇ ಆದೆ, ನಾನೂ ಕೋಲು ಹಿಡಿದೆ. ಮಕ್ಕಳಿಂದ ಮೂಗು ಹಿಡಿಸಲಿಲ್ಲ, ಅಷ್ಟೇ ನನ್ನ ಹೆಚ್ಚುಗಾರಿಕೆ. ಹೊಡೆಯಬಾರದೆಂದು ಕಾನೂನು ಬಂದಾಗ, "ಏಟಿಲ್ಲದೆ ಪಾಠ ಹತ್ತುತ್ತದೆಯೇ?" ಎಂದು ಜಗಳಕ್ಕೆ ನಿಂತವರಲ್ಲಿ ನಾನೂ ಒಬ್ಬ. ಈಗ ಯಾರಾದರೂ ಏಟು ತಿಂದೇ ನಾವು ಉದ್ಧಾರವಾದೆವು ಎಂದರೆ ಮೈ ಉರಿಯುತ್ತದೆ. ಉದ್ಧಾರವಾಗದವರನ್ನು ಯಾರೂ ಕೇಳುವುದಿಲ್ಲ. ಅಕ್ಕ ಚನ್ನರಾಯಪಟ್ಟಣದಲ್ಲಿದ್ದಾಳೆ. ಫೋನನ್ನು ಬಲಗಿವಿಗೇ ಹಿಡಿಯುತ್ತಾಳೆ. ಬಸ್ಸಿನ ಬೋರ್ಡನ್ನು ಇಂದಿಗೂ ಅಕ್ಷರ ಕೂಡಿಸಿ ಓದುತ್ತಾಳೆ.

ಈ ಜೂನ್ ತಿಂಗಳಲ್ಲಿ ನನ್ನ ಇಬ್ಬರು ಮೊಮ್ಮಕ್ಕಳು ಹಾಸನದ ಮನೆಯಲ್ಲಿ ಒಟ್ಟಿಗಿದ್ದರು. ಮೊಮ್ಮಗಳು ಫಿನ್ಲೆಂಡಿನವಳು, ಅವಳಮ್ಮ ಅಲ್ಲಿ ನರ್ಸು. ಅಲ್ಲಿ ಏಳು ವರ್ಷ ತುಂಬುವ ವೇಳೆಗೆ ಒಂದನೇ ತರಗತಿಯಂತೆ. ಹಾಸನದ ಮೊಮ್ಮಗ ಮೂರೂವರೆಗೇ ಟೈ ಕಟ್ಟಿಕೊಂಡು ಹೋದವನು. ಅವನ ಶಾಲೆಯಲ್ಲೂ ಕೋಲಿಲ್ಲ, ಸಂತೋಷ. ಆದರೆ ಇಡೀ ತರಗತಿಯ ಮಾರ್ಕ್ಸು ಎಲ್ಲ ಅಪ್ಪ ಅಮ್ಮಂದಿರ ಫೋನಿಗೆ ಸಾಲಾಗಿ ಬರುತ್ತದೆ. ಟೆಸ್ಟಿನ ಬೆಳಗ್ಗೆ ಅವನು ತಿಂದ ಇಡ್ಲಿಯನ್ನೆಲ್ಲ ಕಕ್ಕಿಕೊಂಡ. "ನಂಗೊತ್ತಿಲ್ಲ ಅಂದ್ರೆ ಎಲ್ರೂ ನಗ್ತಾರೆ ತಾತ," ಎಂದು ಅತ್ತ. ಅವನನ್ನು ಸಮಾಧಾನ ಮಾಡಲು ಹೋಗಿ ಇಷ್ಟನ್ನೂ ಹೇಳಿಬಿಟ್ಟೆ.

ಮೊಮ್ಮಗಳು ಕೊನೆಯವರೆಗೂ ಕೇಳಿದಳು. ಅವಳ ತರಗತಿಯಲ್ಲಿ ಲೆಕ್ಕ ಬಂದವರು ಬಾರದವರ ಪಕ್ಕ ಹೋಗಿ ಕೂರುತ್ತಾರಂತೆ. ದೊಡ್ಡಸ್ತಿಕೆಗೆ ಅವಳು ಹಾಗೆ ಹೇಳಲಿಲ್ಲ, ನಾನು ಹೊಡೆದದ್ದೇಕೆಂದು ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನಿಂಗೆ ಉತ್ತರ ಗೊತ್ತಿತ್ತಲ್ಲ ತಾತ, ನಿನ್ನಕ್ಕನಿಗೆ ಯಾಕೆ ಹೇಳ್ಕೊಡಲಿಲ್ಲ?" ಎಂದು ಕೇಳಿದಳು.

ಮಕ್ಕಳೇ, ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ ನಾನು ಈ ಪ್ರಶ್ನೆಯನ್ನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವತ್ತು ಅಕ್ಕನ ಮೂಗು ಹಿಡಿಯುವಷ್ಟು ಹತ್ತಿರ ನಿಂತಿದ್ದೆ. ಅವಳ ಕಿವಿಯಲ್ಲಿ ಉತ್ತರ ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ.