ಮೂರು ಊರಿಗೆ ಹಂಚಿದ ಡಿಕ್ಷನರಿ

ಮೈದಾಹಿಟ್ಟಿಗೆ ಹುಳ ಹತ್ತದಂತೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ರಾಯಚೂರಿನ ನಮ್ಮ ಎರಡು ಖೋಲಿಯ ಮನೆ ಕಣ್ಣೆದುರು ಎದ್ದು ಬರುತ್ತದೆ. ಈಗ ಅಲ್ಲಿ ಯಾರದೋ ಮೊಬೈಲ್ ಅಂಗಡಿ ಇದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅಪ್ಪ ಛಾಪಖಾನೆಯೊಂದರಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ. ಅವನ ಬೆರಳ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಅವನು ಮುರಿದು ಕೊಟ್ಟ ರೊಟ್ಟಿಯಲ್ಲೂ ಆ ವಾಸನೆಯೇ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಸಂಜೆ ಅವನು ರದ್ದಿ ಅಂಗಡಿಯಿಂದ ಬೆನ್ನು ಮುರಿದ ಇಂಗ್ಲಿಷ್ ಕನ್ನಡ ಡಿಕ್ಷನರಿ ತಂದ. ನಾನಿನ್ನೂ ಕುಣಿಯುತ್ತಿರುವಾಗಲೇ ಕತ್ತಿ ತೆಗೆದು ಅದನ್ನು ಮೂರು ಪಾಲು ಮಾಡಿಬಿಟ್ಟ! 'ಎ'ಯಿಂದ 'ಜಿ'ವರೆಗೆ ನಮಗೆ, 'ಎಚ್'ನಿಂದ 'ಪಿ'ವರೆಗೆ ದೇವದುರ್ಗದ ಅತ್ತೆಯ ಮನೆಗೆ, ಉಳಿದದ್ದು ಮಾನ್ವಿಯ ದೊಡ್ಡಪ್ಪನ ಮನೆಗೆ. ನಾನು ಹೋ ಎಂದು ಅಳುತ್ತಿದ್ದರೆ ಅವನು ತಣ್ಣಗೆ ಮೂರಕ್ಕೂ ರಟ್ಟು ಹಾಕಿ ಹೊಲಿಯುತ್ತ, "ಒಂದು ಮನ್ಯಾಗ ಇಟ್ಟರ ಒಂದು ಮನಿ ಮಕ್ಕಳು ಕಲೀತಾವ. ಹಂಚಿದ್ರ ಮೂರು ಮನೀವು ಕಲೀತಾವ. ಸುಮ್ಕಿರು," ಅಂದ.

ಅಂದಿನಿಂದ ನಮ್ಮ ಪಾಲಿನಲ್ಲಿಲ್ಲದ ಶಬ್ದದ ಅರ್ಥ ಬೇಕಾದರೆ ಅದಿರುವ ಊರಿಗೆ ಕಾರ್ಡು ಹಾಕಬೇಕು. ಉತ್ತರ ಬರೆಯುವವರಿಗೆ ಅಪ್ಪನದೊಂದು ಕಾಯಿದೆ ಇತ್ತು. ಕೇಳಿದ ಒಂದೇ ಶಬ್ದ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಅದೇ ಅಕ್ಷರದ ಅಕ್ಕಪಕ್ಕದ ಶಬ್ದಗಳನ್ನೂ ಅರ್ಥಸಮೇತ ಬರೆದು ಕಾರ್ಡು ತುಂಬಿಸಬೇಕು. ದೇವದುರ್ಗದ ಅತ್ತೆಯ ಮಗ ಮಹಾ ಮೈಗಳ್ಳ. ಒಂದೇ ಶಬ್ದವನ್ನು ಕುಂಬಳಕಾಯಿ ಗಾತ್ರ ಬರೆದು ಕಾರ್ಡು ತುಂಬಿಸುತ್ತಿದ್ದ. ಮಾನ್ವಿಯಿಂದ ಬರೆಯುತ್ತಿದ್ದವಳು ದೊಡ್ಡಪ್ಪನ ಮಗಳು ಸರೋಜಕ್ಕ. ದೊಡ್ಡವ್ವ ಭತ್ತದ ನಾಟಿಗೆ ಹೋಗುತ್ತಿದ್ದುದರಿಂದ, ತಮ್ಮಂದಿರನ್ನು ನೋಡಿಕೊಳ್ಳಲೆಂದು ಅವಳನ್ನು ಏಳನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ನಾನು 'ಸ್ಟೀಮ್' ಎಂದರೇನು ಅಂತ ಕೇಳಿದ್ದಕ್ಕೆ ಅವಳು ಬರೆದ ಕಾರ್ಡು ನನಗಿನ್ನೂ ಬಾಯಿಪಾಠ: 'ಸ್ಟೀಲ್ ಅಂದರೆ ಕದಿ. ಸ್ಟೀಮ್ ಅಂದರೆ ಹಬೆ, ಗಡಿಗೆಯ ಮುಚ್ಚಳ ಕುಣಿಸುತ್ತದೆ. ಸ್ಟೀಪ್ ಅಂದರೆ ಕಡಿದಾದ, ನಮ್ಮೂರ ಗುಡ್ಡದ ಹಾಗೆ. ಸ್ಟೆಪ್‌ಮದರ್ ಅಂದರೆ ಮಲತಾಯಿ. ನಮ್ಮ ಓಣಿಯಲ್ಲಿ ಒಬ್ಬಳಿದ್ದಾಳೆ, ಒಳ್ಳೆಯವಳು.' ಅಪ್ಪ ಅದನ್ನು ಎರಡೆರಡು ಸಲ ಓದಿಸಿಕೊಂಡು ನಗುತ್ತಿದ್ದ. "ಇನ್ನೊಂದು ವರ್ಷ ಹಿಂಗ ಬರಕೋತ ಇರಲಿ. ಅಣ್ಣಗ ಹೇಳಿ ಇಲ್ಲಿಗೆ ಕರಕೊಂಬಂದು ಎಸ್ಸೆಸ್ಸೆಲ್ಸಿ ಕಟ್ಟಿಸ್ತೀನಿ," ಅನ್ನುತ್ತಿದ್ದ. ಆ ಮಾತು ಸರೋಜಕ್ಕನಿಗೂ ಗೊತ್ತಿತ್ತು. ಅದನ್ನೇ ನಂಬಿಕೊಂಡು ಅವಳು ಅಷ್ಟು ಸಣ್ಣ ಅಕ್ಷರದಲ್ಲಿ ಕಾರ್ಡಿನ ಅಂಚಿನವರೆಗೂ ಬರೆಯುತ್ತಿದ್ದಳು.

ಒಂಬತ್ತನೇ ಇಯತ್ತೆಯಲ್ಲಿ ಭಾಷಣ ಸ್ಪರ್ಧೆಗೆ ನನಗೊಂದು ಇಡೀ ಡಿಕ್ಷನರಿ ಬಹುಮಾನ ಬಂತು. ಎಲ್ಲ ಅಕ್ಷರಗಳೂ ನನ್ನವೇ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಡು ಬರೆಯುವುದನ್ನು ಬಿಟ್ಟೇಬಿಟ್ಟೆ. "ಮಾನ್ವಿಗೆ ಕಾರ್ಡ್ ಹಾಕಿದೇನಬೇ?" ಎಂದು ಅಪ್ಪ ಕೇಳಿದಾಗಲೆಲ್ಲ, "ಹಾಕೀನಪ್ಪಾ, ಅಕ್ಕನ ಉತ್ತರಾನ ಬಂದಿಲ್ಲ," ಅಂದೆ. ಬೈಗುಳ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು. ಮೊದಲ ಸಲ ನಾಲಿಗೆ ತಡವರಿಸಿತ್ತು, ಆಮೇಲೆ ಸಲೀಸಾಯಿತು. ನಾಲ್ಕೈದು ತಿಂಗಳಿಗೆ ದೊಡ್ಡಪ್ಪ ಬಂದ. ಸರೋಜಳಿಗೆ ಸಿರವಾರದ ಕಡೆಯ ಸಂಬಂಧ ಬಂದಿದೆ, ಏನು ಮಾಡಲಿ ಎಂದು ಕೇಳಿದ. ಅಪ್ಪ ತನ್ನ ಅಂಟು ಹತ್ತಿದ ಉಗುರು ಕೆರೆಯುತ್ತ, "ಅಕಿಗೆ ಓದೋ ಮನಸು ಹೋಗ್ಯಾದ ಕಾಣತದ. ಮಾಡಿಬಿಡಣ್ಣ," ಎಂದ. ಬಾಗಿಲಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಮದುವೆಯಲ್ಲಿ ಹೊಸ ಲಂಗ ಉಟ್ಟುಕೊಂಡು ಓಡಾಡಿದೆ. ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಸಿರವಾರಕ್ಕೆ ಹೋಗಿದ್ದೆ. ಸರೋಜಕ್ಕನ ತಲೆ ಪೂರ್ತಿ ನೆರೆತಿತ್ತು. ಚಹಾ ಕೊಟ್ಟು, ಮಗ್ಗುಲಲ್ಲಿ ಕೂತು, ನನ್ನ ಕೈ ಹಿಡಿದುಕೊಂಡಳು.

"ಒಂದು ಮಾತು ಕೇಳ್ತೀನಿ ತಂಗಿ, ಸಿಟ್ಟಾಗಬ್ಯಾಡ. ಕಡೀ ಕಾರ್ಡಿನ್ಯಾಗ ನಾ ಏನರ ತಪ್ಪು ಬರದಿದ್ನೇನು? ಅದಾದ ಮ್ಯಾಲ ಕಾಕಾ ನಿನ್ನ ಕಡಿಂದ ಕಾರ್ಡ್ ಹಾಕಿಸೋದೇ ಬಿಟ್ಟುಬಿಟ್ರು."

"ಇಲ್ಲಕ್ಕಾ, ಎಲ್ಲಾ ಬರೋಬರಿ ಇತ್ತು," ಅಂದೆ. ಅವಳ ಮುಖ ಅರಳಿತು. ಉಳಿದದ್ದನ್ನು ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಹೋದದ್ದು ಅವಳ ಮಣ್ಣಿಗೆ.