ಹಲಸೂರಿನಲ್ಲಿ ಸಿಕ್ಕಿಬಿದ್ದ ಧ್ವನಿ

ಆಷಾಢದ ಒಂದು ಗುರುವಾರ ಬೆಳಿಗ್ಗೆ ಕೆ.ಆರ್. ಪುರದ ಮನೆಯಿಂದ ಹಲಸೂರಿಗೆ ಹೊರಟಾಗ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದೆ. ದೂರವೇನೂ ಇಲ್ಲ, ಹತ್ತು ಕಿಲೋಮೀಟರಿನ ಆಸುಪಾಸು. ಆದರೂ ಇದನ್ನು ಪ್ರವಾಸವೆಂದೇ ಬರೆಯುತ್ತಿದ್ದೇನೆ. ಕಾಶಿಗೆ ಹೋಗಿ ಬಂದಾಗಲೂ ಹೇಳಿಕೊಳ್ಳಲು ನನಗೆ ಇಷ್ಟು ವಿಷಯ ಸಿಕ್ಕಿರಲಿಲ್ಲ.

ಎರಡು ವರ್ಷದಿಂದ ನಾನು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತೇನೆ. ಹಲಸೂರಿನ ಹಳೆಯ ಮನೆಯೊಂದರ ಮಹಡಿಯಲ್ಲಿ ಅದಕ್ಕೆಂದೇ ಒಂದು ಕೋಣೆಯಿದೆ. ಊರಿನ ನಾಟಕಗಳಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರಿಗೂ ಕೇಳಿಸಿದ ಗಂಟಲು ನನ್ನದು. ನಿವೃತ್ತಿಯಾಯಿತೆಂದು ಅದನ್ನು ಸುಮ್ಮನೆ ಬಿಡುವುದುಂಟೆ? ಕೋಣೆಯನ್ನು ನೋಡಿಕೊಳ್ಳುವ ಸೆಲ್ವಿ ಮೇಡಂ ಮೊದಲ ದಿನವೇ ಒಂದು ನಿಯಮ ಹೇಳಿದ್ದರು. ಓದುವವರಿಗೆ ಪುಸ್ತಕದ ಬಗ್ಗೆ ಏನನ್ನಿಸಿತೆಂಬುದು ಧ್ವನಿಯಲ್ಲಿ ಕೇಳಿಸಬಾರದು. ಈ ನಿಯಮವನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ಇನ್ನೊಬ್ಬರಿಲ್ಲ ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಹಿಂದಿನ ದಿನ ಮೇಡಂ ಫೋನ್ ಮಾಡಿ, ನನ್ನ ಓದನ್ನು ಕೇಳುವ ಹುಡುಗಿಯೊಬ್ಬಳು ನನ್ನನ್ನು ಭೇಟಿಯಾಗಬೇಕೆನ್ನುತ್ತಿದ್ದಾಳೆ ಎಂದರು.

"ಶಾಲು ಹೊದಿಸ್ತಾರೆ ಅಂತ ಬಿಳೀ ಅಂಗೀನಾ?" ಎಂದಳು ಹೆಂಡತಿ ಸರೋಜಾ, ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾ.

"ಹಂಗೇನಿಲ್ವೇ, ಒಗೆದದ್ದು ಇದೊಂದೇ ಇತ್ತು," ಎಂದೆ. ಮನಸ್ಸಿನಲ್ಲಿದ್ದದ್ದು ಶಾಲೇ.

ಹೊರಗೆ ಗಾಳಿಯೋ ಗಾಳಿ. ಟಿನ್ ಫ್ಯಾಕ್ಟರಿ ಸ್ಟಾಪಿನ ಕಡೆ ಬಸ್ಸುಗಳು ಎಂದಿನಂತೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ಮೆಟ್ರೊ ಹತ್ತಿದೆ. ರೈಲಿನಲ್ಲಿ ನನಗೊಂದು ಅಭ್ಯಾಸವಿದೆ. ಕೋಣೆಯೊಳಗೆ ಅಭಿಪ್ರಾಯಕ್ಕೆ ಜಾಗವಿಲ್ಲವಲ್ಲ, ಹಾಗಾಗಿ ಇರುವುದನ್ನೆಲ್ಲ ದಾರಿಯಲ್ಲೇ ಪಕ್ಕದವರ ಮುಂದೆ ಖಾಲಿ ಮಾಡಿಬಿಡುತ್ತೇನೆ. ಅಂದು ಸಿಕ್ಕವರು, ರಿಪೇರಿಗೆಂದು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ನಡುವಯಸ್ಕರು. ರೆಕಾರ್ಡಿಂಗ್ ಮುಗಿದು ಹಿಂದಿರುಗಿಸಲೆಂದು ನನ್ನ ಚೀಲದಲ್ಲಿಟ್ಟಿದ್ದ ಪುಸ್ತಕಗಳ ಮೇಲೆ ಅವರು ಒಮ್ಮೆ ಕಣ್ಣು ಹಾಯಿಸಿದರು. ನನಗೆ ಅಷ್ಟು ಸಾಕಾಯಿತು.

ಬೆನ್ನಿಗಾನಹಳ್ಳಿ ದಾಟುವುದರೊಳಗೆ ಪತ್ತೇದಾರಿ ಕಾದಂಬರಿಯ ಬಗ್ಗೆ ಹೇಳಿ ಮುಗಿಸಿದೆ. ಲಾಡ್ಜಿನಲ್ಲೊಂದು ಕೊಲೆ, ಮುನ್ನೂರು ಪುಟ. ಕೊಲೆಗಾರ ಯಾರೆಂದು ನಾನು ನಲವತ್ತನೆಯ ಪುಟದಲ್ಲೇ ಹಿಡಿದಿದ್ದೆ. ಲಾಡ್ಜಿನ ಅಡುಗೆಯವನಿಗೆ ಲೇಖಕರು ಕಾರಣವಿಲ್ಲದೆ ಅಷ್ಟೊಂದು ಒಳ್ಳೆಯತನ ಕೊಟ್ಟಾಗಲೇ ಅನುಮಾನ ಬರಬೇಕು. ಬೈಯಪ್ಪನಹಳ್ಳಿಯಲ್ಲಿ ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆ ತೆಗೆದೆ. ನಾನೂರು ಪುಟದುದ್ದಕ್ಕೂ ಆ ಪುಣ್ಯಾತ್ಮ ಒಂದು ತಪ್ಪೂ ಮಾಡಿಲ್ಲ. ಅವರ ಮನೆಯಲ್ಲಿ ಒಂದು ದಿನ ಹಾಲು ಕೂಡ ಉಕ್ಕಿದ ಹಾಗಿಲ್ಲ! ಅಂಥ ಬಾಳನ್ನು ಬಾಳಲಿ ಬೇಕಾದರೆ, ಬರೆಯುವುದೇಕೆ?

ಕವನ ಸಂಕಲನದ ಬಗ್ಗೆ ನನಗೆ ಎರಡು ಮನಸ್ಸು. ಅರ್ಧ ಪುಸ್ತಕದ ತುಂಬ ಚಂದ್ರ. ಆದರೆ ಮದುವೆ ಮುಗಿದ ಮೇಲೆ ಚೌಟ್ರಿಯಲ್ಲಿ ಮಡಚಿಟ್ಟ ಬಾಡಿಗೆ ಕುರ್ಚಿಗಳ ಮೇಲೆ ಒಂದು ಪದ್ಯವಿದೆ, ಅದೊಂದಕ್ಕೇ ಇಡೀ ಪುಸ್ತಕವನ್ನು ಕೊಳ್ಳಬಹುದು. ಇನ್ನು ಇರುವೆಗಳ ಬಗ್ಗೆ ವಿಜ್ಞಾನಿಯೊಬ್ಬರು ಬರೆದ ಪುಸ್ತಕ. ತಮ್ಮ ಹಿತ್ತಲಿನಲ್ಲಿ ವರ್ಷಗಟ್ಟಲೆ ಹೊಟ್ಟೆಯ ಮೇಲೆ ಮಲಗಿ, ಕಂಡಷ್ಟನ್ನೇ ಬರೆದಿದ್ದಾರೆ. ಈ ವರ್ಷ ನಾನು ಓದಿದ್ದರಲ್ಲಿ ಅದಕ್ಕಿಂತ ಒಳ್ಳೆಯ ಕಥೆ ಯಾವ ಕಾದಂಬರಿಯಲ್ಲೂ ಸಿಕ್ಕಿಲ್ಲ.

ಕುಕ್ಕರಿನವರು ಇಂದಿರಾನಗರದಲ್ಲಿ ಎದ್ದು ನಿಂತರು. "ಸಾರ್, ನಾನು ಬುಕ್ ಓದೋನಲ್ಲ. ಆದ್ರೂ ಆ ಇರುವೆ ಬುಕ್ ಹೆಸ್ರು ಹೇಳ್ಬಿಡಿ," ಎಂದರು. ಹೆಸರು ಹೇಳಿ, ಅವರು ಇಳಿದು ಹೋಗುವುದನ್ನು ಬಹಳ ಹೆಮ್ಮೆಯಿಂದ ನೋಡಿದೆ. ಮುಂದಿನ ನಿಲ್ದಾಣವೇ ಹಲಸೂರು.

ಮಾರ್ಕೆಟ್ಟಿನ ದಾರಿಯಲ್ಲಿ ಗಾಳಿಗೆ ಹೂವಿನ ಬುಟ್ಟಿಗಳ ಮೇಲಿನ ಒದ್ದೆ ಬಟ್ಟೆಗಳು ಹಾರುತ್ತಿದ್ದವು. ಮಹಡಿ ಹತ್ತಿದಾಗ ಕೋಣೆಯಲ್ಲಿ ಸೆಲ್ವಿ ಮೇಡಂ ಜೊತೆ ಆ ಹುಡುಗಿ ಕುಳಿತಿದ್ದಳು. ಹೆಸರು ನಸ್ರೀನ್, ಮನೆ ಶಿವಾಜಿನಗರದಲ್ಲಿ. ಹುಟ್ಟಿನಿಂದ ಕಣ್ಣು ಕಾಣದು. ಕನ್ನಡ ಎಂ.ಎ. ಮಾಡಿ ಆಫೀಸೊಂದರಲ್ಲಿ ಕೆಲಸದಲ್ಲಿದ್ದಾಳೆ. ಮೇಜಿನ ಮೇಲೆ ಬಿಸಿ ಸಮೋಸಾ ಇತ್ತು, ಪಕ್ಕದಲ್ಲೊಂದು ಕಾಗದದ ಕಟ್ಟಿತ್ತು. ಶಾಲು ಎಲ್ಲೂ ಕಾಣಲಿಲ್ಲ.

"ಸರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ನಸ್ರೀನ್. "ಆ ಲಾಡ್ಜ್ ಕೊಲೆ ಪುಸ್ತಕ ಓದಿದ್ರಲ್ಲ, ಅಡುಗೆಯವನೇ ಕೊಲೆಗಾರ ಅಂತ ನಂಗೆ ಶುರುನಲ್ಲೇ ಗೊತ್ತಾಗೋಯ್ತು. ಅವನು ಬಂದಾಗೆಲ್ಲ ನಿಮ್ಮ ಧ್ವನಿ ಇಳೀತಿತ್ತು."

"ಐಯೋ ಸಾರ್, ನಂಗೂ ಗೊತ್ತಾಯ್ತು!" ಎಂದು ಸೆಲ್ವಿ ಮೇಡಂ ನಕ್ಕೇಬಿಟ್ಟರು.

ನಸ್ರೀನ್ ಅಲ್ಲಿಗೇ ಬಿಡಲಿಲ್ಲ. "ಆ ಆಫೀಸರ್ ಪುಸ್ತಕಾನ ಕೊನೇ ಬಸ್ಸು ಹಿಡಿಯೋರ ಥರ ಓಡಿಸಿದ್ರಿ. ಇರುವೆ ಪುಸ್ತಕದಲ್ಲಿ ಎಷ್ಟು ನಿಧಾನ! ಕುರ್ಚಿ ಪದ್ಯ ಎರಡು ಸಲ ಓದಿದ್ರಿ. ಮೊದಲನೇ ಸಲ ತಪ್ಪೇನೂ ಆಗಿರ್ಲಿಲ್ಲ ಸರ್."

ನನ್ನ ಮುಖ ಸಣ್ಣದಾಯಿತು. ರೈಲಿನಲ್ಲಿ ಖಾಲಿ ಮಾಡಿ ಬಂದೆನೆಂದುಕೊಂಡಿದ್ದೆಲ್ಲ ಮೈಕಿನೊಳಗೆ ಇಳಿದೇ ಇತ್ತು. "ಹಾಗಾದ್ರೆ ಬೇರೆಯವರ ಹತ್ರ ಓದಿಸ್ಕೊಳ್ಳಮ್ಮ," ಎಂದೆ. ಸಿಟ್ಟು ಬಂದಿತ್ತು, ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

"ಇಲ್ಲ ಸರ್, ಅದಕ್ಕೇ ನೀವೇ ಬೇಕು." ಅವಳು ಕಾಗದದ ಕಟ್ಟನ್ನು ನನ್ನ ಕಡೆ ಸರಿಸಿದಳು. "ಇದು ನಾನು ಬರೆದಿರೋ ಕಥೆ. ಕಂಪ್ಯೂಟರ್ ನನ್ನ ಕಥೇನೂ ಕರೆಂಟ್ ಬಿಲ್ಲನ್ನೂ ಒಂದೇ ಥರ ಓದುತ್ತೆ. ಜನ ಎಲ್ಲಾ ಸೂಪರ್ ಅಂತಾರೆ, ಪಾಪ, ಕಣ್ಣಿಲ್ಲದೋಳು ಬರೆದಿದ್ದಾಳೆ ಅಂತ. ಕಥಾ ಸ್ಪರ್ಧೆಗೆ ಕಳಿಸೋಕೆ ನಾಳೆ ಕೊನೇ ದಿನ. ನೀವು ಸುಮ್ನೆ ಓದಿ, ಏನೂ ಹೇಳ್ಬೇಡಿ. ಚೆನ್ನಾಗಿಲ್ಲ ಅಂದ್ರೆ ನಂಗೆ ಗೊತ್ತಾಗುತ್ತೆ. ಕಳಿಸಲ್ಲ. ಬರೆಯೋದನ್ನೂ ಬಿಟ್ಬಿಡ್ತೀನಿ."

ಹೇಳುವಾಗ ಅವಳ ಬೆರಳುಗಳು ದುಪಟ್ಟಾದ ಅಂಚನ್ನು ಸುತ್ತುತ್ತಿದ್ದವು. ನನಗೆ ಭಯವಾಯಿತು. ಕಥೆ ಹೇಗೇ ಇರಲಿ, ಧ್ವನಿಗೆ ಒಂದಿಷ್ಟು ಬಣ್ಣ ಹಚ್ಚಿ ಹುಡುಗಿಯನ್ನು ಕಾಪಾಡಿಬಿಡೋಣ ಎಂದು ನಿರ್ಧರಿಸಿ ಕನ್ನಡಕ ಏರಿಸಿದೆ.

ಕಥೆ ಇಬ್ಬರು ಅಕ್ಕತಂಗಿಯರದು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿದ್ದ ಒಂದೇ ಹೊಲಿಗೆ ಯಂತ್ರಕ್ಕಾಗಿ ಜಗಳವಾಡುತ್ತಾರೆ. ಕೊನೆಗೆ ಯಂತ್ರ ತಂಗಿಗೆ, ಕಾಲಲ್ಲಿ ತುಳಿಯುವ ಅದರ ಸ್ಟ್ಯಾಂಡು ಅಕ್ಕನಿಗೆ ಎಂದು ಪಾಲಾಗುತ್ತದೆ. ತಂಗಿ ನೆಲದ ಮೇಲೆ ಕುಳಿತು ಕೈಯಲ್ಲೇ ತಿರುಗಿಸಿ ಹೊಲಿಯುತ್ತಾಳೆ. ಅಕ್ಕ ಸ್ಟ್ಯಾಂಡಿನ ಮೇಲೆ ನೀರಿನ ಬಿಂದಿಗೆ ಇಡುತ್ತಾಳೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬಣ್ಣ ಹಚ್ಚುವ ಯೋಚನೆಯೇ ನನಗೆ ಮರೆತುಹೋಗಿತ್ತು. ನಡುವೆ ಮಸೀದಿಯ ಬಾಂಗು ಕೇಳಿತು. ಎಂದಿನ ಅಭ್ಯಾಸದಂತೆ ಓದು ನಿಲ್ಲಿಸಿದೆ. ಅದು ಮುಗಿಯುವ ತನಕ ಕಾಯುವುದೇ ನನಗೆ ಕಷ್ಟವಾಯಿತು.

ಕೊನೆಯಲ್ಲಿ, ಅಕ್ಕನ ಮಗಳ ಮದುವೆ ಬಟ್ಟೆ ಹೊಲಿಯಬೇಕೆಂದು ತಂಗಿ ಯಂತ್ರವನ್ನು ಸೊಂಟದ ಮೇಲೆ ಹೊತ್ತು ಅಕ್ಕನ ಬಾಗಿಲಿಗೆ ಬರುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಅಲ್ಲಿಗೆ ನನ್ನ ಓದು ನಿಂತಿತು. ಹಾಳೆ ಕೈಯಲ್ಲೇ ಇತ್ತು, ಧ್ವನಿ ಹೊರಡಲಿಲ್ಲ.

"ಮುಗೀತಾ ಸರ್?" ಎಂದಳು ನಸ್ರೀನ್. ಮುಗಿದಿಲ್ಲವೆಂದು ಅವಳಿಗೆ ಗೊತ್ತಿತ್ತು, ಬರೆದವಳೇ ಅವಳು.

"ಇನ್ನೊಂದು ಸಾಲಿದೆ," ಎಂದೆ. ನೀರು ಕುಡಿದು ಓದಿದೆ: ಅಕ್ಕ ಬಿಂದಿಗೆಯನ್ನು ಎತ್ತಿ ಕೆಳಗಿಟ್ಟಳು.

ನಸ್ರೀನ್ ಬೆರಳಿಗೆ ಸುತ್ತಿಕೊಂಡಿದ್ದ ದುಪಟ್ಟಾದ ಅಂಚನ್ನು ಬಿಟ್ಟಳು. ಆಮೇಲೆ ಅವಳ ಮುಖದ ತುಂಬ ನಗು ಬಂತು. "ಕಳಿಸ್ತೀನಿ," ಎಂದಳು. "ಆದ್ರೆ ಮಾವನ ಭಾಷಣ ತೆಗೆದುಹಾಕ್ಬೇಕು. ಅಲ್ಲಿ ನೀವು ಆಫೀಸರ್ ಪುಸ್ತಕದ ಥರಾನೇ ಓಡಿದ್ರಿ."

ಅಕ್ಕತಂಗಿಯರಿಗೆ ಮಾವ ಬುದ್ಧಿ ಹೇಳುವ ಒಂದೂವರೆ ಪುಟ ಅದು. ಓಡಿಸಿದ್ದೆ ಎಂಬುದು ನನಗೇ ತಿಳಿದಿರಲಿಲ್ಲ. ಸೆಲ್ವಿ ಮೇಡಂ ಅಲ್ಲೇ ಕುಳಿತು ಆ ಭಾಗವನ್ನು ತೆಗೆದರು. ಮತ್ತೆ ಮೊದಲಿಂದ ಓದಿದೆ. ಈ ಸಲ ನಸ್ರೀನ್ ಎಲ್ಲೂ ತಡೆಯಲಿಲ್ಲ. ಆ ಕಥೆಯನ್ನು ಕಣ್ಣಿಟ್ಟು ಓದಿದ ಮೊದಲಿಗರಲ್ಲಿ ನಾನೊಬ್ಬ ಎಂಬ ಹೆಮ್ಮೆ ನನಗೆ ಯಾವ ಶಾಲಿನಿಂದಲೂ ಬರುತ್ತಿರಲಿಲ್ಲ.

ಮಧ್ಯಾಹ್ನ ವಾಪಸು ರೈಲು ಹತ್ತಿದಾಗ ಸೀಟು ಸಿಕ್ಕಿತು, ಪಕ್ಕದಲ್ಲಿ ಜನರೂ ಇದ್ದರು. ಆದರೂ ಕೆ.ಆರ್. ಪುರ ಬರುವವರೆಗೆ ಯಾರಿಗೂ ಏನೂ ಹೇಳಲಿಲ್ಲ.

"ಎಲ್ರೀ ಶಾಲು?" ಎಂದು ಸರೋಜಾ ಬಾಗಿಲಲ್ಲೇ ಕೇಳಿದಳು. ಚಪ್ಪಲಿ ಕಳಚದೆ ಅಲ್ಲೇ ನಿಂತು ನಡೆದದ್ದನ್ನು ಹೇಳಿದೆ. ಅಡುಗೆಯವನ ವಿಷಯದಲ್ಲಿ ಸಿಕ್ಕಿಬಿದ್ದದ್ದು, ಆತ್ಮಕಥೆಯನ್ನು ಓಡಿಸಿದ್ದು, ಹೊಲಿಗೆ ಯಂತ್ರ, ಕೊನೆಗೆ ಆ ಬಿಂದಿಗೆ. ಸರೋಜಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಹುಡುಗಿ ರೀ ಅವಳು!" ಎಂದಳು.

ನನಗೆ ಹುಮ್ಮಸ್ಸು ಬಂತು. "ಮಾವನ ಭಾಷಣ ಬೇಡ ಅಂತ ನಾನೇ ಹೇಳಿದ್ದು, ಅಲ್ಲೇ ಕೂತು ತಿದ್ದಿಸಿದ್ದೂ ನಾನೇ, ಇಲ್ದಿದ್ರೆ ಕಥೆ ಕೆಟ್ಟೇ ಹೋಗ್ತಿತ್ತು," ಎಂದೆ.

ಸರೋಜಾ ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಇದನ್ಯಾಕ್ರೀ ಇಷ್ಟು ಓಡಿಸ್ತಿದ್ದೀರಿ?" ಎಂದಳು.